ಒಂದೇ ಕುರ್ಚಿಯ ಮೀಟಿಂಗು

ರೋಗಿಗೆ ಔಷಧ ಹನಿಸುವ ಯಂತ್ರದ ಪ್ರೋಗ್ರಾಂ ಓದುತ್ತಿದ್ದ ಎಂಜಿನಿಯರ್ ಶಕೀಲಾಳ ಮೈ ಉರಿಯಿತು. ಔಷಧಗಳ ಹೆಸರಿಗೆ ಒಂದೇ ಜಾಗ ಎಂದು ಬರೆದು, ಅದರಲ್ಲಿ ಬೇಕಾದಷ್ಟು ಹೆಸರು ತುಂಬಿದ್ದರು. ‘ಸಿ’ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೇ ಕೋಡಿನ ಚಾಳಿ ಅದು.

"ಎಷ್ಟು ಜಾಗ ಅಂತ ಸರಿಯಾಗಿ ಬರೆಯೋಣ ಸರ್. ಆಗ ಜಾಗ ಮೀರಿದ ತಕ್ಷಣ ತಪ್ಪು ಸಿಕ್ಕಿಬೀಳುತ್ತೆ" ಎಂದಳು.

ಮ್ಯಾನೇಜರ್ ವಾದಿರಾಜ್ ಗುಡುಗಿದರು. "ಅದು ನಾನು ಬರೆದ ಕೋಡು! ಮುಟ್ಟಿದರೆ ನಿನ್ನ ಕೆಲಸ ಹೋಗುತ್ತೆ. ನಾಳೆ ಯಂತ್ರ ಕೊಳ್ಳೋ ಡಾಕ್ಟರುಗಳು ಬರ್ತಾರೆ. ಮೀಟಿಂಗಿಗೆ ಕುರ್ಚಿ ಹಾಕಿಸು, ಸಾಕು."

ಹಾಕಿಸಿದಳು. ಡಾಕ್ಟರುಗಳು ಒಳಗೆ ಬಂದು ನೋಡಿದರೆ ಇಡೀ ಕೋಣೆಗೆ ಒಂದೇ ಕುರ್ಚಿ.

"ಉಳಿದವರೆಲ್ಲ ಎಲ್ಲಿ ಕೂರಬೇಕು?" ವಾದಿರಾಜ್ ಕಿರುಚಿದರು.

"ಪಕ್ಕದ ಕೋಣೆಯವರ ತೊಡೆ ಮೇಲೆ ಸರ್. ನಿಮ್ಮ ಕೋಡಿನಲ್ಲೂ ಹಾಗೇ ತಾನೇ? ಜಾಗ ಒಂದೇ, ಹೆಚ್ಚಾದದ್ದೆಲ್ಲ ಪಕ್ಕದವರ ಮೇಲೆ."

ಯಾರೋ ನಕ್ಕರು. ಹಿರಿಯ ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಕೋಡಿನಲ್ಲಿ ಆ ಪಕ್ಕದ ಜಾಗದಲ್ಲಿ ಏನಿದೆಯಮ್ಮಾ?"

"ರೋಗಿಗೆ ಎಷ್ಟು ಔಷಧ ಹೋಗಬೇಕು ಅನ್ನೋ ಅಂಕಿ, ಮೇಡಂ."

 

ಡಾಕ್ಟರಮ್ಮ ಬ್ಯಾಗು ಹೆಗಲಿಗೇರಿಸಿದರು. "ಕುರ್ಚಿ ಇಲ್ಲದಿದ್ದರೆ ನಾವು ನಿಂತುಕೊಂಡೇವು ವಾದಿರಾಜ್, ಪರವಾಗಿಲ್ಲ. ಆದರೆ ಈ ಹುಡುಗಿ ಕೋಡು ತಿದ್ದಿ ಮುಗಿಸೋವರೆಗೂ ನಿಮ್ಮ ಯಂತ್ರ ನಮ್ಮ ರೋಗಿಗಳ ಹತ್ತಿರ ಸುಳಿಯಕೂಡದು."