ಹೊಸ್ತಿಲ ಮುಂದಿನ ಅರ್ಜಿ

ನಮ್ಮೂರ ನಗರಸಭೆ ಒಂದು ಪ್ರಕಟಣೆ ಹೊರಡಿಸಿತು. ಭಾನುವಾರಗಳಂದು ಪಾರ್ಕುಗಳಲ್ಲಿ ಜನರಿಗೆ ಕಲೆ ಕಲಿಸಲು ಸ್ಥಳೀಯ ಕಲಾವಿದರು ಬೇಕಾಗಿದ್ದರು. ಹೂ ಮಾರುವ ಪುಟ್ಟಗೌರಮ್ಮನಿಗೆ ಆಸೆಯಾಯಿತು. ಚುಕ್ಕಿ ರಂಗೋಲಿಯಲ್ಲಿ ಅವಳನ್ನು ಮೀರಿಸುವವರು ಆ ಬಡಾವಣೆಯಲ್ಲೇ ಇರಲಿಲ್ಲ. ಅರ್ಜಿ ಹಿಡಿದು ಹೋದಳು.

ಅಧಿಕಾರಿ ಶ್ರೀಕಂಠಯ್ಯ ಕನ್ನಡಕದ ಮೇಲಿಂದ ನೋಡಿದರು. “ಕೃತಿ ಎಲ್ಲಿ?”

“ಫೋಟೊ ಇಟ್ಟಿದೀನಿ ಸ್ವಾಮಿ.”

“ಫೋಟೊ ನಡೆಯಲ್ಲ. ಮೂಲ ಕೃತಿಯೇ ನನ್ನ ಕಚೇರಿಗೆ ಬರಬೇಕು. ನಾಳೆ ಕಡೇ ದಿನ.”

“ರಂಗೋಲಿನ ಹೊತ್ಕೊಂಡು ಬರೋದು ಹೇಗೆ ಸ್ವಾಮಿ?”

“ಅದು ನನಗೆ ಗೊತ್ತಿಲ್ಲಮ್ಮ. ನಿಯಮ ಹಾಗಿದೆ.”

ಮರುದಿನ ಹತ್ತು ಗಂಟೆಗೆ ಶ್ರೀಕಂಠಯ್ಯ ಬಂದಾಗ ಅವರ ಕೋಣೆಯ ಬಾಗಿಲ ಮುಂದೆ, ಗೋಡೆಯಿಂದ ಗೋಡೆಗೆ, ರಂಗೋಲಿ. ಪಕ್ಕದಲ್ಲಿ ಪುಟ್ಟಗೌರಮ್ಮ ಕೈಗೆ ಅಂಟಿದ ಪುಡಿ ಒರೆಸಿಕೊಳ್ಳುತ್ತಿದ್ದಳು.

“ನಿಲ್ಲಿ ಸ್ವಾಮಿ! ಅದು ನನ್ನ ಅರ್ಜಿ. ತುಳಿದ್ರೆ ಸರ್ಕಾರಿ ಕಾಗದ ಹರಿದ ಹಾಗೆ.”

ಎತ್ತಿದ ಕಾಲು ಹಿಂದಕ್ಕೆ ಬಂತು. ಗುಮಾಸ್ತರೆಲ್ಲ ಓಡಿ ಬಂದರು. ಬೈಯಲು ಬಾಯಿ ತೆರೆದ ಶ್ರೀಕಂಠಯ್ಯ ಕೆಳಗೆ ನೋಡಿದರು, ನೋಡುತ್ತಲೇ ನಿಂತರು. ನೂರಾರು ಚುಕ್ಕಿಗಳು, ಅವನ್ನೆಲ್ಲ ಸುತ್ತಿ ಬಂದ ಒಂದೇ ಎಳೆ. ಎಲ್ಲೂ ತುಂಡಾಗಿರಲಿಲ್ಲ. ಕುಕ್ಕರಗಾಲಲ್ಲಿ ಕೂತು, ಬೆರಳನ್ನು ಗಾಳಿಯಲ್ಲೇ ಆಡಿಸುತ್ತ ಎಳೆಯ ಹಿಂದೆ ಹೋದರು. ಮೂರು ಸಲ ದಾರಿ ತಪ್ಪಿತು.

“ಇದು ಶುರುವಾಗಿದ್ದು ಎಲ್ಲಿಂದಮ್ಮ?”

“ಅದು ಮೊದಲನೇ ದಿನದ ಪಾಠ ಸ್ವಾಮಿ.”

“ಮೊದಲನೇ ದಿನ ಯಾವತ್ತು?”

“ಅದನ್ನ ನೀವೇ ಬರೆದು ಕೊಡಬೇಕು.”

ಗುಮಾಸ್ತರು ಕಿಸಕ್ಕನೆ ನಕ್ಕರು. ಶ್ರೀಕಂಠಯ್ಯ ಕಾಗದ ತರಿಸಿ, ಗೋಡೆಗೆ ಒತ್ತಿ ಹಿಡಿದು, ಹೊರಗೇ ನಿಂತು ಆದೇಶ ಬರೆದರು: ಈ ಭಾನುವಾರ, ಬೆಳಿಗ್ಗೆ ಏಳು ಗಂಟೆ.