ಫಕೀರವ್ವನ ಪಾಸ್‌ವರ್ಡ್

ಹೊಳೆದಂಡೆಯ ಆಶ್ರಮದಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ನೋಡಿಕೊಳ್ಳುವವನು ಶಿಷ್ಯ ಭರಮಣ್ಣ. ಅದರ ಬಗ್ಗೆ ಅವನಿಗೆ ಗೊತ್ತಿದ್ದದ್ದು ಅರ್ಧ, ಗೊತ್ತಿದೆ ಅಂತ ಹೇಳಿಕೊಂಡು ತಿರುಗಿದ್ದು ಅದರ ನಾಲ್ಕರಷ್ಟು.

ಅವನನ್ನು ಬಿಟ್ಟರೆ ಅದನ್ನು ಮುಟ್ಟುತ್ತಿದ್ದವಳು ಫಕೀರವ್ವ. ಅರವತ್ತು ದಾಟಿದ ಮೇಲೆ ಗುರುಗಳ ಹತ್ತಿರ ಅಕ್ಷರ ಕಲಿತವಳು. ದಿನಾ ಬೆಳಿಗ್ಗೆ ಬಂದು, ಒಂದೇ ಬೆರಳಲ್ಲಿ ಪಾಸ್‌ವರ್ಡ್ ಒತ್ತಿ, ತಾಯಿ ಹಾಡುತ್ತಿದ್ದ ಬೀಸುವ ಹಾಡುಗಳನ್ನು ಟೈಪ್ ಮಾಡುತ್ತಿದ್ದಳು. ನೂರಾ ಹನ್ನೊಂದು ಆಗಿದ್ದವು. ಉಳಿದವು ಇನ್ನೂ ಅವಳ ತಲೆಯಲ್ಲೇ ಇದ್ದವು.

ಒಂದು ಸೋಮವಾರ "ಹೊಸ ಕರ್ನಲ್ ಬಂದಿದೆ, ಹಾಕಲೇ?" ಅಂತ ಯಂತ್ರ ಕೇಳಿತು. ಕರ್ನಲ್ ಅಂದರೆ ಯಂತ್ರದ ಒಳತಿರುಳು, ಉಳಿದದ್ದೆಲ್ಲ ನಿಲ್ಲುವುದು ಅದರ ಮೇಲೆ. ಹಾಕಿದರೆ ಏನೇನು ಬದಲಾಗುತ್ತದೆ ಅಂತ ಕೆಳಗೆ ಎರಡು ಪುಟ ಬರೆದಿತ್ತು. ಯಾರು ಓದಬೇಕು? ಭರಮಣ್ಣ ಹಾಕು ಅಂದ.

ಮಂಗಳವಾರ ಫಕೀರವ್ವ ಪಾಸ್‌ವರ್ಡ್ ಒತ್ತಿದಳು. ಪರದೆ ಒಮ್ಮೆ ಕಪ್ಪಾಯಿತು. ಮತ್ತೆ ಪಾಸ್‌ವರ್ಡ್ ಕೇಳುತ್ತ ಕೂತಿತು.

"ಏನಾತೋ ತಮ್ಮಾ?"

ಪಾಸ್‌ವರ್ಡ್ ತಪ್ಪಿದ್ದರೆ ತಪ್ಪು ಅಂತ ಯಂತ್ರವೇ ಬರೆಯುತ್ತದೆ. ಬರೆದಿರಲಿಲ್ಲ. ಒಳಗೆ ಬಿಟ್ಟುಕೊಂಡು ಮತ್ತೆ ಹೊರಗೆ ತಳ್ಳುತ್ತಿತ್ತು. ಇದು ತನ್ನ ಹೊಸ ಕರ್ನಲ್‌ನ ಪ್ರತಾಪ ಅಂತ ಭರಮಣ್ಣನಿಗೆ ಥಟ್ಟನೆ ಹೊಳೆಯಿತು. ಆದರೆ ಹಿಂದೆ ನಾಲ್ಕು ಜನ ಶಿಷ್ಯರು ನೋಡುತ್ತ ನಿಂತಿದ್ದರು.

"ಪಾಸ್‌ವರ್ಡ್ ತಪ್ಪೈತಿ ಆಯಿ," ಅಂದ. "ಅಕ್ಷರ ಮರತೀ ನೋಡು!"

ನಾಲ್ವರೂ ನಕ್ಕರು. ಫಕೀರವ್ವನೂ ನಗಲು ನೋಡಿದಳು. ಏಳು ಸಲ ಒತ್ತಿದಳು. ಆಮೇಲೆ ತನ್ನ ಬೆರಳನ್ನೇ ನೋಡಿಕೊಂಡು ಎದ್ದು ಹೋದಳು.

ಅವಳು ಹೋದ ಮೇಲೆ ಭರಮಣ್ಣ ತನ್ನ ಪಾಸ್‌ವರ್ಡ್ ಒತ್ತಿ ನೋಡಿದ. ಅವನನ್ನೂ ತಳ್ಳಿತು. ಯಂತ್ರಕ್ಕೆ ಬಟ್ಟೆ ಹೊದಿಸಿ ಎದ್ದ.

ಬುಧವಾರ ಅವಳು ಬರಲಿಲ್ಲ. ಗುರುವಾರ ಸುದ್ದಿ ಬಂತು. ಅಕ್ಷರ ತಿದ್ದುತ್ತಿದ್ದ ತನ್ನ ಪಾಟಿಯನ್ನು ಮೊಮ್ಮಗಳಿಗೆ ಕೊಟ್ಟುಬಿಟ್ಟಿದ್ದಾಳೆ. "ನನಗಿನ್ನ ಅಕ್ಷರ ಸಾಕು, ತೆಲಿ ಹೋಗೇತಿ" ಅಂದಳಂತೆ.

ಗುರುಗಳು ಭರಮಣ್ಣನನ್ನು ಕೇಳಿದರು. "ತಪ್ಪು ಅಂತ ಯಂತ್ರ ಹೇಳ್ತೋ, ನೀ ಹೇಳಿದ್ಯೋ?"

"ಎರಡೂ ಒಂದ ಅಲ್ಲೇನ್ರೀ?" ಅಂದ ಭರಮಣ್ಣ, ತಲೆ ಕೆರೆಯುತ್ತ.

ಗುರುಗಳು ಎದ್ದು ಅಡುಗೆಮನೆಯ ಕಡೆ ನಡೆದರು.

ಗುರುಗಳಿಗೆ ಕಣ್ಣು ಮಂಜು. ದಿನಾ ಮಧ್ಯಾಹ್ನ ಅಡುಗೆಮನೆಯ ಹೊಸ್ತಿಲಲ್ಲಿ ರೊಟ್ಟಿ ಬುಟ್ಟಿ ಹಿಡಿದು ಕೂರುತ್ತಿದ್ದರು. ಬಂದವರು ಹೆಸರು ಹೇಳಬೇಕು, ರೊಟ್ಟಿ ಇಸಿದುಕೊಳ್ಳಬೇಕು. ಅದು ಅಲ್ಲಿಯ ರೂಢಿ. ಅವತ್ತು ಭರಮಣ್ಣನ ಸರದಿ ಬಂತು.

"ಭರಮಣ್ಣ ರೀ."

"ಹೆಸರು ತಪ್ಪೈತಿ."

ಭರಮಣ್ಣನಿಗೆ ಖುಷಿಯಾಯಿತು. ಗುರುಗಳಿಗೂ ಚೇಷ್ಟೆ ಬರುತ್ತದಲ್ಲ!

"ಭರಮಣ್ಣ ರೀ, ಗುರುಗಳ."

"ತಪ್ಪೈತಿ. ನೆನಪು ಮಾಡ್ಕೊಂಡು ಬಾ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ತನ್ನ ಹೆಸರ ಮರತಾನಲೇ!"

ಜೋರಾಗಿ ಹೇಳಿದ. ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ ಹೇಳಿದ. ಗುರುಗಳು ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದರು. ಸಾಲು ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

"ನನ್ನ ಹೆಸರು ನನಗ ಗೊತ್ತಿಲ್ಲೇನ್ರೀ?" ಅಂದ ಭರಮಣ್ಣ.

"ಆಕೀಗೂ ಗೊತ್ತಿತ್ತು."

ಭರಮಣ್ಣ ತಿರುಗಿ ನೋಡಲಿಲ್ಲ. ಹಿಂದೆ ಅದೇ ನಾಲ್ವರಿದ್ದರು.

"ನಾನ ಕೆಡಿಸಿದ್ದು," ಅಂದ, ನೆಲಕ್ಕೆ. "ಓದದೇ ಹೊಸಾದು ಹಾಕಿದೆ. ಆಕೀದು ಸರಿ ಇತ್ರೀ."

"ಹಳೇದು ಎಲ್ಲೈತಿ?"

"ಒಳಗ ಐತ್ರೀ. ಹೊಸಾದು ಬಂದ್ರೂ ಯಂತ್ರ ಹಳೇದನ್ನ ಒಗ್ಯಂಗಿಲ್ಲ. ಅದರಿಂದ ಶುರು ಮಾಡಿದ್ರ ನಡೀತೈತಿ."

"ಎಷ್ಟು ಹೊತ್ತಿನ ಕೆಲಸ?"

"ಎರಡು ನಿಮಿಷ."

ಹೇಳಿದ ಮೇಲೆ ಅವನಿಗೇ ಕೇಳಿಸಿತು. ಎರಡು ನಿಮಿಷದ ಕೆಲಸ. ಮೂರು ದಿನ ಆಗಿತ್ತು. ಈಗ ಸಾಲಿನಲ್ಲಿ ಯಾರೂ ನಗುತ್ತಿರಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಓಡಿದ. ಯಂತ್ರ ಬಂದ್ ಮಾಡಿ ಮತ್ತೆ ಹಚ್ಚಿದ. ಪಟ್ಟಿಯಲ್ಲಿ ಹಳೆಯ ಕರ್ನಲ್ ಆರಿಸಿದ. ಪಾಸ್‌ವರ್ಡ್ ಒತ್ತಿದ. ಒಳಗೆ ಬಿಟ್ಟಿತು. ನೂರಾ ಹನ್ನೊಂದು ಹಾಡು ಹಾಗೇ ಇದ್ದವು.

ತಿರುಗಿ ಬಂದಾಗ ಗುರುಗಳು ಒಬ್ಬರೇ ಹೊಸ್ತಿಲಲ್ಲಿ ಕೂತಿದ್ದರು.

"ಕಂಪ್ಯೂಟರ್ ರಿಪೇರಿ ಆಗೇತಿ, ಬಾ ಅಂತ ಆಯಿಗೆ ಹೇಳಿ ಕಳಸ್ಲೇನ್ರೀ?"

ಗುರುಗಳು ಬುಟ್ಟಿಯಿಂದ ಎರಡು ರೊಟ್ಟಿ ತೆಗೆದು ಅವನ ಕೈಗಿಟ್ಟರು.

"ನಡಕೋತ ತಿನ್ನು," ಅಂದರು. "ರಿಪೇರಿ ಸುದ್ದಿ ಆಮೇಲೆ. ಮೊದಲ ಆಕೀ ಅಕ್ಷರ ಆಕೀಗೆ ಕೊಟ್ಟು ಬಾ."