ಎಮ್ಮೆಕರು ಕುದ್ದದ್ದು

ಒಂದು ಎಮ್ಮೆಕರುವಿನ ವ್ಯಾಪಾರ. ಹಳ್ಳದಾಚೆಯ ನಿಂಗನಗೌಡರ ಮನೆಯಲ್ಲಿ ಮದುವೆ. ಅಂಗಡಿ ನೀಲವ್ವ ಉಪ್ಪು, ಕರ್ಪೂರ, ಉದ್ದಿನ ಹಿಟ್ಟು, ಸುಣ್ಣದ ಕಲ್ಲು ಮುಟ್ಟಿಸಬೇಕು, ಬದಲಿಗೆ ಕರು. ಅಂಗಡಿ ಬಿಟ್ಟು ಅವಳು ಹೋಗುವಂತಿಲ್ಲ. ಹೊರುವವನು ಮಗ ದುಂಡಪ್ಪ. ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಮಗನಿಗೆ ತಾಯಿ ಎಷ್ಟಂತ ಹೇಳಿಯಾಳು!

"ಗೌಡರ ಮನಿ ಮದುವಿ, ಮಾಲಿನಾಗ ಧೂಳು ಇರಬಾರದಪ್ಪಾ," ಅಂದು ಉಪ್ಪು ಹೊರಿಸಿದಳು.

ದುಂಡಪ್ಪ ಹಳ್ಳಕ್ಕಿಳಿದ. ಚೀಲ ಅದ್ದಿದ, ಹಿಂಡಿದ, ಅದ್ದಿದ, ಹಿಂಡಿದ. ಬರಿ ಚೀಲ ಹೊತ್ತು ಬಂದ.

"ಎಲವೋ ಪೆದ್ದಾ! ಉಪ್ಪು ನೀರಾಗ ಕರಗತೈತಿ. ಒದ್ದಿಯಾದ್ರ ಬಿಸಿಲಿಗೆ ಹರವಬೇಕು. ನೀರು ಆರಿ ಹೊಕ್ಕೈತಿ, ಉಪ್ಪು ಉಳೀತೈತಿ!"

"ಹೂಂನವ್ವಾ."

ಮರುದಿನ ಕರ್ಪೂರದ ಪುಡಿ. ಬಂಡೆಯ ಮೇಲೆ ಬಿಸಿಲಿಗೆ ಹರವಿ ಪಕ್ಕದಲ್ಲೇ ಮಲಗಿದ. ಎದ್ದರೆ ಬಂಡೆ ಘಮ್ಮೆನ್ನುತ್ತಿದೆ, ಕರ್ಪೂರವಿಲ್ಲ!

"ಯಾರು ಕದ್ದರೋ?"

"ಯಾರೂ ಇಲ್ಲವ್ವಾ. ವಾಸನಿ ಅಲ್ಲೇ ಐತಿ."

"ಅಯ್ಯ ನನ್ನ ಕರ್ಮ! ಕರ್ಪೂರ ಕರಗಂಗಿಲ್ಲೋ, ಗಾಳಿಯಾಗಿ ಹೊಕ್ಕೈತಿ. ಗಡಿಗ್ಯಾಗ ಹಾಕಿ ಬಾಯಿ ಬಿಗೀಬೇಕು!"

"ಹೂಂನವ್ವಾ."

ಮೂರನೆಯ ದಿನ ರುಬ್ಬಿದ ಉದ್ದಿನ ಹಿಟ್ಟಿನ ಗಡಿಗೆಗೆ ಮುಚ್ಚಳ ಮುಚ್ಚಿ ಮಣ್ಣು ಮೆತ್ತಿ ಬಿಗಿದ, ಬಿಸಿಲಲ್ಲಿ ನಡೆದ. ಹಿಟ್ಟು ಹುಳಿ ಬಂತು, ಉಬ್ಬಿತು. ಗೌಡರ ಮುಂದೆ ಇಳಿಸಿದ್ದೇ ತಡ, ಮುಚ್ಚಳ ಢಬ್! ಗೌಡರ ರುಮಾಲೆಲ್ಲ ಹಿಟ್ಟು.

"ಲೇ, ಇದು ಹಿಟ್ಟೋ ಗರ್ನಾಲೋ?"

ಮನೆಯಲ್ಲಿ ನೀಲವ್ವ ಹಣೆ ಬಡಿದುಕೊಂಡಳು. "ಕಾವಿಗೆ ಉಬ್ಬತೈತೋ! ತಣ್ಣೀರಾಗ ಇಟ್ಟುಕೊಂಡು ಹೋಗಬೇಕಿತ್ತು!"

"ಹೂಂನವ್ವಾ."

ಆಮೇಲೆ ಸುಟ್ಟ ಸುಣ್ಣದ ಕಲ್ಲು. ಹಳ್ಳದಲ್ಲಿ ಬಕೆಟ್ಟಿಗೆ ತಣ್ಣೀರು ತುಂಬಿ ಅದರಲ್ಲೇ ಮುಳುಗಿಸಿದ. ಗೌಡರ ಅಂಗಳ ಮುಟ್ಟುವಷ್ಟರಲ್ಲಿ ಕೊತಕೊತ! ಬಕೆಟ್ಟು ಅಲ್ಲೇ ಬಿಟ್ಟು ಓಡಿ ಬಂದ.

"ಅವ್ವಾ, ಒಲಿ ಇಲ್ಲ, ಬೆಂಕಿ ಇಲ್ಲ, ನೀರು ಕುದೀತು!"

"ಸುಟ್ಟ ಸುಣ್ಣಕ್ಕ ನೀರು ತಾಕಿದ್ರ ಕುದೀದ ಇರತೈತೇನೋ? ಇನ್ನ ಮ್ಯಾಲ ಆ ಊರಿಂದ ಈ ಊರಿಗೆ ಏನೇ ಒಯ್ದರೂ ತಂದರೂ ಒಂದು ಹನಿ ನೀರು ಸೋಕಿಸಬ್ಯಾಡ!"

"ಹೂಂನವ್ವಾ."

ಆದರೆ ಗೌಡರು ಹೇಳಿ ಕಳಿಸಿದರು: ಸುಣ್ಣ ಅರಳಿಯೇ ಬಂತು, ಗೋಡೆಗೆ ಬಳಿದಾಯಿತು, ಕರು ಒಯ್ಯಿರಿ.

ದುಂಡಪ್ಪ ಕರು ಹಿಡಿದುಕೊಂಡು ಹಳ್ಳದ ದಂಡೆಗೆ ಬಂದವನೇ, ಹನಿ ನೀರು ಸೋಕದಂತೆ ಅದನ್ನು ಹೆಗಲಿಗೇರಿಸಿ ಹಳ್ಳಕ್ಕಿಳಿದ. ಎಮ್ಮೆಯ ಜಾತಿ, ನೀರು ಕಂಡರೆ ಬಿಟ್ಟೀತೇ? ಹಗ್ಗದಿಂದ ಕೊರಳು ಬಿಡಿಸಿಕೊಂಡು ಹಾರಿತು, ಮುಳುಗಿತು, ಗುಳುಗುಳು ಗುಳ್ಳೆ ಎದ್ದವು.

"ಅವ್ವಾ! ನೀರು ಸೋಕಿತು! ಕರು ಕುದಿಯಾಕತ್ತೈತಿ!"

ನೀಲವ್ವ ಓಡಿ ಹೋಗುವಷ್ಟರಲ್ಲಿ ಕರು ಈಜಿ, ತಿರುಗಿ ಗೌಡರ ಕೊಟ್ಟಿಗೆಯಲ್ಲಿ ತಾಯೆಮ್ಮೆಯ ಮಗ್ಗುಲು ಸೇರಿತ್ತು. ಗೌಡರು ಹಿಟ್ಟಿನ ರುಮಾಲು ತೋರಿಸಿದರು. "ಉಪ್ಪಿಲ್ಲ, ಕರ್ಪೂರಿಲ್ಲ. ಆದರೂ ಕೊಟ್ಟಿದ್ದೆ. ತಾನಾಗಿ ತಿರುಗಿ ಬಂದದ್ದು ಈ ರುಮಾಲಿಗೆ ಜಮಾ, ನೀಲವ್ವಾ."

ಉಪ್ಪು ಹಳ್ಳಕ್ಕೆ, ಕರ್ಪೂರ ಗಾಳಿಗೆ, ಹಿಟ್ಟು ರುಮಾಲಿಗೆ, ಸುಣ್ಣ ಗೌಡರ ಗೋಡೆಗೆ. ನೀಲವ್ವನ ಗಳಿಕೆ ಮಗನ ಕೈಲಿ ಉಳಿದ ಹಗ್ಗ, ಅದೂ ಒದ್ದೆ.